ಐದು ಪ್ರಶ್ನೆ, ಒಂದು ಗ್ಲೋಬ್: ಎರಡು ವರ್ಷ ಬಳಸಿದ ಮೇಲೆ ಬರೆದದ್ದು

ಈ ಗ್ಲೋಬ್ ನನ್ನ ಮೇಜಿಗೆ ಬಂದು ಎರಡು ವರ್ಷ ಆಯಿತು. 30 ಸೆಂ.ಮೀ. ಅಡ್ಡಳತೆ, ಒಳಗೊಂದು ದೀಪ, ಪ್ಲಾಸ್ಟಿಕ್ ಕಾಲು, ಓರೆಯಾಗಿ ನಿಂತ ಅರ್ಧ ಬಳೆ, ನೆತ್ತಿಯ ಮೇಲೆ 24 ಗಂಟೆಯ ಪುಟ್ಟ ಚಕ್ರ. ಶಾಲೆ, ಮನೆ ಎಲ್ಲಾ ಕಡೆ ಕಾಣಿಸುವ ಮಾಮೂಲಿ ಮಾದರಿ. ಮಾಡಿದವರ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಈ ಅಳತೆಯ ಬೇರೆ ಗ್ಲೋಬ್‌ಗಳಿಗೂ ಬಹುಪಾಲು ಹೊಂದುತ್ತವೆ. ಕೊಳ್ಳುವ ಯೋಚನೆ ಇದ್ದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು 18 ವರ್ಷ ಭೂಗೋಳ ಪಾಠ ಮಾಡಿದವಳು. ಭೂಗೋಳದ ಐದು ಮೂಲ ಥೀಮ್‌ಗಳನ್ನು ಪ್ರತಿ ವರ್ಷವೂ ಹೇಳಿಕೊಟ್ಟಿದ್ದೇನೆ. ಸ್ಥಾನ, ಸ್ಥಳ, ಮನುಷ್ಯ ಮತ್ತು ಪರಿಸರದ ನಂಟು, ಚಲನೆ, ಪ್ರದೇಶ. ಹೇಗೆ ಹೇಳಿಕೊಟ್ಟೆ ಅಂದರೆ, ಐದು ವ್ಯಾಖ್ಯಾನ ಬರೆಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಕೇಳಿದೆ. ಮಕ್ಕಳು ಚೆನ್ನಾಗಿಯೇ ಬರೆದರು. ಆದರೆ ಒಂದು ಊರಿನ ಬಗ್ಗೆ ಕೇಳಿದಾಗ ಆ ಐದರಲ್ಲಿ ಒಂದನ್ನೂ ಬಳಸಲಿಲ್ಲ. ಈ ನೋವು ನನಗೆ ಈಗಲೂ ಇದೆ. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ನಾಲ್ಕಾರು ಮಕ್ಕಳು ಮನೆಗೆ ಬರತೊಡಗಿದರು. ಆಗ ಈ ಗ್ಲೋಬ್ ತಂದೆ. ವ್ಯಾಖ್ಯಾನ ಹೇಳುವುದೇ ಬೇಡ, ಐದನ್ನೂ ಪ್ರಶ್ನೆ ಮಾಡಿಕೊಂಡು ಗ್ಲೋಬ್‌ನ ಮುಂದೆ ಕೂರೋಣ ಅಂದುಕೊಂಡೆ. ಎಲ್ಲಿದೆ? ಅಲ್ಲಿ ಹೇಗಿದೆ? ಜನರೂ ನೆಲವೂ ಒಬ್ಬರಿಗೊಬ್ಬರು ಏನು ಮಾಡಿದ್ದಾರೆ? ಏನು ಬರುತ್ತೆ, ಏನು ಹೋಗುತ್ತೆ? ಯಾವುದರ ಜೊತೆ ಸೇರಿಸಿ ನೋಡಬೇಕು?

ಈ ಐದರ ಪಟ್ಟಿ ಅಷ್ಟೇನೂ ಹಳೆಯದಲ್ಲ. 1984ರಲ್ಲಿ ಅಮೆರಿಕದ ಎರಡು ಭೂಗೋಳ ಸಂಘಗಳು ಸೇರಿ ಶಾಲೆಗಳಿಗಾಗಿ ಮಾಡಿದ್ದು. ಅದಕ್ಕೂ 20 ವರ್ಷ ಮುಂಚೆ, 1964ರಲ್ಲಿ, ವಿಲಿಯಂ ಪ್ಯಾಟಿಸನ್ ಎನ್ನುವವರು ಭೂಗೋಳ ಓದುವುದರಲ್ಲಿ ನಾಲ್ಕು ಪರಂಪರೆಗಳಿವೆ ಅಂತ ಬರೆದಿದ್ದರು. 1994ರಲ್ಲಿ ಅಮೆರಿಕದಲ್ಲೇ ಇನ್ನೂ ವಿವರವಾಗಿ 18 ಮಾನದಂಡಗಳು ಬಂದವು. ಆದರೂ ಮೇಷ್ಟ್ರುಗಳು ಐದನ್ನು ಬಿಟ್ಟಿಲ್ಲ. ಕೈಬೆರಳಲ್ಲಿ ಎಣಿಸಬಹುದು, ಅದೇ ಅದರ ಬಲ. 18 ಯಾರಿಗೆ ನೆನಪಿರುತ್ತೆ?

ಸರಿ, ಮೊದಲನೇ ಪ್ರಶ್ನೆ. ಎಲ್ಲಿದೆ?

ಇದರಲ್ಲಿ ಗ್ಲೋಬ್‌ಗೆ ಸಾಟಿ ಇಲ್ಲ. ಅಕ್ಷಾಂಶ, ರೇಖಾಂಶ ಅನ್ನುವುದು ಚಪ್ಪಟೆ ಹಾಳೆಯ ಮೇಲೆ ಬರೀ ಚೌಕುಳಿ. ಗ್ಲೋಬ್‌ನ ಮೇಲೆ ಅದಕ್ಕೆ ಅರ್ಥ ಬರುತ್ತದೆ. ರೇಖಾಂಶಗಳು ಮೇಲೆ ಹೋಗ್ತಾ ಹೋಗ್ತಾ ಹತ್ತಿರವಾಗಿ ಧ್ರುವದಲ್ಲಿ ಒಂದೇ ಚುಕ್ಕೆಗೆ ಸೇರುತ್ತವೆ. ಅಕ್ಷಾಂಶಗಳು ಸೇರುವುದಿಲ್ಲ, ಬಳೆಗಳ ಹಾಗೆ ಚಿಕ್ಕದಾಗುತ್ತಾ ಹೋಗುತ್ತವೆ. ಒಮ್ಮೆ ಬೆರಳಿಟ್ಟು ನೋಡಿದ ಮಗು ಇದನ್ನು ಮರೆಯುವುದಿಲ್ಲ. ನನ್ನ ಗ್ಲೋಬ್‌ನಲ್ಲಿ 15 ಡಿಗ್ರಿಗೆ ಒಂದು ಗೆರೆ ಇದೆ. ಭೂಮಿ ಒಂದು ಗಂಟೆಗೆ ತಿರುಗುವುದು ಅಷ್ಟೇ ಡಿಗ್ರಿ. ಹಾಗಾಗಿ ನೆತ್ತಿಯ ಚಕ್ರ ತಿರುಗಿಸಿದರೆ ಒಂದು ಗೆರೆಗೆ ಒಂದು ಗಂಟೆ, ಲೆಕ್ಕ ಸುಲಭ. ಸೊನ್ನೆ ಡಿಗ್ರಿ ಗ್ರೀನಿಚ್‌ನಲ್ಲೇ ಯಾಕೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಭೂಮಿಯಲ್ಲಿ ಅಂಥ ಗುರುತೇನೂ ಇಲ್ಲ, 1884ರಲ್ಲಿ ವಾಷಿಂಗ್ಟನ್‌ನಲ್ಲಿ ದೇಶಗಳು ಕೂತು ಮಾಡಿಕೊಂಡ ಒಪ್ಪಂದ ಅಂತ ಹೇಳುತ್ತೇನೆ. ಸಮಭಾಜಕ ವೃತ್ತದ ಗೆರೆ ಹಾಗಲ್ಲ. ಅದನ್ನು ಭೂಮಿಯ ತಿರುಗಾಟವೇ ಎಳೆದಿದೆ.

ಅಳತೆ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. 30 ಸೆಂ.ಮೀ. ಗ್ಲೋಬ್‌ನ ಸುತ್ತಳತೆ 94 ಸೆಂ.ಮೀ. ಚಿಲ್ಲರೆ. ಸಮಭಾಜಕದ ಮೇಲೆ ಭೂಮಿಯ ಸುತ್ತಳತೆ 40,075 ಕಿ.ಮೀ. ಅಂದರೆ 1 ಸೆಂ.ಮೀ. ಹೆಚ್ಚುಕಮ್ಮಿ 425 ಕಿ.ಮೀ.ಗೆ ಸಮ, 1 ಮಿ.ಮೀ. ಅಂದರೆ ಸುಮಾರು 42 ಕಿ.ಮೀ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗ್ಲೋಬ್‌ನ ಕಾಲಿಗೆ ಅಂಟಿಸಿದ್ದೇನೆ. ಎರಡು ವರ್ಷದಲ್ಲಿ ಅತಿ ಹೆಚ್ಚು ಬಳಸಿದ್ದು ಆ ಚೀಟಿಯನ್ನೇ.

ನನ್ನ ದೊಡ್ಡ ದೂರು ಇರುವುದೂ ಇಲ್ಲೇ. ಈ ಗ್ಲೋಬ್ ಎರಡು ಅರ್ಧಗೋಳಗಳನ್ನು ಜೋಡಿಸಿ ಮಾಡಿದ್ದು. ಬೆಸುಗೆ ಬಂದಿರುವುದು ಸರಿಯಾಗಿ ಸಮಭಾಜಕದ ಮೇಲೆ. ಅದನ್ನು ಮುಚ್ಚಲು 3 ಮಿ.ಮೀ. ಅಗಲದ ಪಟ್ಟಿ ಅಂಟಿಸಿದ್ದಾರೆ. ನಮ್ಮ ಚೀಟಿಯ ಪ್ರಕಾರ 3 ಮಿ.ಮೀ. ಅಂದರೆ ಭೂಮಿಯ ಮೇಲೆ 127 ಕಿ.ಮೀ.! ಈಕ್ವೆಡಾರ್‌ನ ರಾಜಧಾನಿ ಕೀಟೊ ಆ ಪಟ್ಟಿಯ ಕೆಳಗೆ ಹೋಗಿದೆ. ಉಗಾಂಡದ ಕಂಪಾಲ ಹೋಗಿದೆ. ಗಾಬೊನ್‌ನ ಲಿಬ್ರವಿಲ್ ಕೂಡ ಹೋಗಿದೆ. ಚುಕ್ಕೆ ಇಲ್ಲ, ಹೆಸರು ಮಾತ್ರ ಪಕ್ಕದಲ್ಲಿ ಅರ್ಧಂಬರ್ಧ ಇಣುಕುತ್ತದೆ. ನೈರೋಬಿ 1.3 ಡಿಗ್ರಿ ದಕ್ಷಿಣದಲ್ಲಿ ಇರುವುದರಿಂದ ಬಚಾವಾಗಿದೆ. ವಿಕ್ಟೋರಿಯಾ ಸರೋವರದ ಎರಡು ಭಾಗ ಒಂದಕ್ಕೊಂದು ಕೂಡುವುದಿಲ್ಲ, ದಡ ಒಂದು ಮಿ.ಮೀ. ಜಾರಿದೆ. 'ಎಲ್ಲಿದೆ' ಅನ್ನುವ ಪ್ರಶ್ನೆಗೆ ಉತ್ತರ ಹೇಳಲು ಅಂತಲೇ ಮಾಡಿದ ವಸ್ತು ಮೂರು ರಾಜಧಾನಿಗಳನ್ನು ನುಂಗಬಾರದು. ಪಟ್ಟಿ ತೆಳ್ಳಗೆ ಮಾಡುವುದು, ಅದರ ಮೇಲೂ ನಕ್ಷೆ ಮುದ್ರಿಸುವುದು ಅಷ್ಟೇನು ಕಷ್ಟದ ಕೆಲಸ ಅಲ್ಲ ಅಲ್ವಾ?

ಸ್ಥಾನದಲ್ಲಿ ಎರಡು ಬಗೆ. ಒಂದು ಡಿಗ್ರಿಯಲ್ಲಿ ಹೇಳುವ ನಿಖರ ಸ್ಥಾನ. ಇನ್ನೊಂದು ಸಾಪೇಕ್ಷ ಸ್ಥಾನ, ಅಂದರೆ ಯಾವುದರ ಪಕ್ಕ, ಯಾವುದರಿಂದ ಎಷ್ಟು ದೂರ ಅನ್ನುವುದು. ಪುಸ್ತಕದಲ್ಲಿ ಎರಡಕ್ಕೂ ಒಂದೊಂದು ಸಾಲು. ಗ್ಲೋಬ್‌ನ ಮುಂದೆ ಎರಡನೆಯದಕ್ಕೆ ಒಂದು ವಾರ ಬೇಕಾಯಿತು. ಸಿಂಗಪುರವನ್ನು ತೋರಿಸಿದೆ. 1 ಡಿಗ್ರಿ ಉತ್ತರ, 104 ಡಿಗ್ರಿ ಪೂರ್ವ. ಈ ಅಂಕಿಯಿಂದ ವಿಳಾಸ ಸಿಗುತ್ತದೆ, ಆದರೆ ಅಲ್ಲಿ ಅಷ್ಟು ದೊಡ್ಡ ಬಂದರು ಯಾಕೆ ಬೆಳೆಯಿತು ಅಂತ ಗೊತ್ತಾಗುವುದಿಲ್ಲ. ಆಮೇಲೆ ಗ್ಲೋಬ್ ತಿರುಗಿಸಿ ಮಲಕ್ಕಾ ಜಲಸಂಧಿ ತೋರಿಸಿದೆ. ಮಲಯ ಪರ್ಯಾಯ ದ್ವೀಪಕ್ಕೂ ಸುಮಾತ್ರಾಗೂ ನಡುವೆ ಸಣ್ಣ ನೀಲಿ ಓಣಿ, ಅದರ ಬಾಯಿಗೆ ಸಿಂಗಪುರ. ಹಿಂದೂ ಮಹಾಸಾಗರದಿಂದ ಚೀನಾ ಕಡೆಗೆ ಹತ್ತಿರದ ದಾರಿಯಲ್ಲಿ ಹೋಗುವ ಹಡಗು ಇಲ್ಲಿಂದಲೇ ನುಸುಳಬೇಕು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸುಮ್ನೆ ಬೆರಳಿನಿಂದ ದಾರಿ ಹುಡುಕುತ್ತಾ, "ಇಲ್ಲಿ ಅಂಗಡಿ ಇಟ್ಟರೆ ಎಲ್ಲರೂ ಬರಲೇಬೇಕು" ಅಂದಳು. 1819ರಲ್ಲಿ ಬ್ರಿಟಿಷರು ಅಲ್ಲಿ ವ್ಯಾಪಾರದ ಠಾಣೆ ಹಾಕಿದಾಗ ಲೆಕ್ಕ ಹಾಕಿದ್ದೂ ಅದನ್ನೇ.

ಇನ್ನೂ ಒಂದು ಸಂಗತಿ ನನಗೆ ಈ ಗ್ಲೋಬ್‌ನ ಮುಂದೆಯೇ ಹೊಳೆದದ್ದು. ನಿಖರ ಸ್ಥಾನ ಬದಲಾಗುವುದಿಲ್ಲ, ಸಾಪೇಕ್ಷ ಸ್ಥಾನ ಬದಲಾಗುತ್ತದೆ. ಕೇಪ್ ಟೌನ್ ಇದ್ದಲ್ಲೇ ಇದೆ. ಆದರೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪ್ ಮತ್ತು ಏಷ್ಯಾ ನಡುವಿನ ದಾರಿ ಅದನ್ನು ಬಿಟ್ಟು ಹೋಯಿತು. ದಾರ ಹಿಡಿದು ಅಳೆದೆವು. ಲಂಡನ್‌ನಿಂದ ಸಿಂಗಪುರಕ್ಕೆ ಆಫ್ರಿಕಾ ಸುತ್ತಿಕೊಂಡು ಒಂದು ದಾರ, ಸೂಯೆಜ್ ಮೂಲಕ ಇನ್ನೊಂದು ದಾರ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಮೊದಲನೆಯದು ಎರಡನೆಯದಕ್ಕಿಂತ 14 ಸೆಂ.ಮೀ.ನಷ್ಟು ಹೆಚ್ಚು ಉದ್ದ ಇತ್ತು. ಅಂದರೆ ಸುಮಾರು 6,000 ಕಿ.ಮೀ. ಜಾಸ್ತಿ. ಅಷ್ಟು ಉಳಿಸಿದ ಸೂಯೆಜ್ ಕಾಲುವೆಯ ಉದ್ದ 193 ಕಿ.ಮೀ. ಗ್ಲೋಬ್‌ನ ಮೇಲೆ ನಾಲ್ಕೂವರೆ ಮಿ.ಮೀ.! 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಆ ನಾಲ್ಕೂವರೆ ಮಿ.ಮೀ.ಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. ಆಗ ಕೆಲವು ಹಡಗುಗಳು ಮತ್ತೆ ಕೇಪ್ ಸುತ್ತಿಕೊಂಡೇ ಹೋದವು. ಉದ್ದದ ದಾರವನ್ನು ಕೈಯಲ್ಲಿ ಹಿಡಿದ ಮಗುವಿಗೆ ಅದು ಎಂಥ ನಷ್ಟ ಅಂತ ನಾನು ವಿವರಿಸಬೇಕಾಗಲಿಲ್ಲ.

ಹೀಗೆ ಮಾತು ತಾನಾಗಿಯೇ ಚಲನೆಗೆ ಬಂತು. ಪಟ್ಟಿಯಲ್ಲಿ ಅದು ನಾಲ್ಕನೆಯದು. ಆದರೆ ಗ್ಲೋಬ್‌ಗೆ ಪಟ್ಟಿಯ ಕ್ರಮ ಹಿಡಿಸುವುದಿಲ್ಲ. ನೀವೂ ಕ್ರಮಕ್ಕೆ ಅಂಟಿಕೊಳ್ಳಬೇಡಿ.

ಚಲನೆ ಅಂದರೆ ಜನ, ಸರಕು, ಸುದ್ದಿ, ವಿಚಾರ, ಗಾಳಿ, ನೀರು ಎಲ್ಲವೂ. ಇದರಲ್ಲಿ ಗ್ಲೋಬ್ ಕೊಟ್ಟ ಖುಷಿ ಬೇರೆ ಯಾವುದರಲ್ಲೂ ಸಿಗಲಿಲ್ಲ. ಗೋಡೆಯ ನಕ್ಷೆಯಲ್ಲಿ ಟೋಕಿಯೊದಿಂದ ನ್ಯೂಯಾರ್ಕ್‌ಗೆ ಗೆರೆ ಎಳೆಯಿರಿ ಅಂದೆ. ಎಲ್ಲರೂ ಪೆಸಿಫಿಕ್ ಮೇಲೆ ಸ್ಕೇಲ್ ಇಟ್ಟು ಅಡ್ಡಡ್ಡ ಎಳೆದರು. ಆಮೇಲೆ ದಾರದ ಒಂದು ತುದಿಯನ್ನು ಗ್ಲೋಬ್‌ನಲ್ಲಿ ಟೋಕಿಯೊ ಮೇಲೆ ಒತ್ತಿ, ಇನ್ನೊಂದನ್ನು ನ್ಯೂಯಾರ್ಕ್ ಮೇಲಿಟ್ಟು ಮೆಲ್ಲಗೆ ಬಿಗಿ ಮಾಡಿದೆ. ದಾರ ತಾನಾಗಿ ಉತ್ತರಕ್ಕೆ ಜಾರಿತು. ಪೆಸಿಫಿಕ್‌ನ ನಡುವನ್ನು ಬಿಟ್ಟು, ಬೇರಿಂಗ್ ಸಮುದ್ರ ಹತ್ತಿ, ಅಲಾಸ್ಕಾದ ನೆತ್ತಿಯ ಮೇಲೆ ಹೋಗಿ ನಿಂತಿತು. ಬಿಗಿ ಮಾಡಿದ ದಾರ ಅಂದರೆ ಅತಿ ಹತ್ತಿರದ ದಾರಿ. ಇಪ್ಪತ್ತೈದೂವರೆ ಸೆಂ.ಮೀ. ಬಂತು. ಚೀಟಿಯ ಲೆಕ್ಕಕ್ಕೆ ಗುಣಿಸಿದರೆ 10,800 ಕಿ.ಮೀ. ಚಿಲ್ಲರೆ, ನಿಜವಾದ ದೂರಕ್ಕೆ ತೀರಾ ಹತ್ತಿರ. ಹೊಲಿಗೆ ದಾರದಿಂದ ಇಷ್ಟು ಸರಿಯಾದ ಉತ್ತರ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊಗೆ ಹಿಡಿದಾಗ ದಾರ ಅಂಟಾರ್ಕ್ಟಿಕಾ ಕಡೆಗೆ ಜಾರಿತು, 60 ಡಿಗ್ರಿ ದಕ್ಷಿಣವನ್ನೂ ದಾಟಿತು.

ಗೋಡೆಯ ನಕ್ಷೆ ತಪ್ಪು ಅಂತಲ್ಲ. ಉರುಟಾದ ಭೂಮಿಯನ್ನು ಚಪ್ಪಟೆ ಮಾಡಿದರೆ ಏನನ್ನಾದರೂ ಹಿಗ್ಗಿಸಲೇಬೇಕು. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆ ನಾವಿಕರಿಗೆ ದಿಕ್ಕು ಸರಿಯಾಗಿ ಸಿಗಲಿ ಅಂತ ಮಾಡಿದ್ದು, ಆ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಆದರೆ ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೆ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಮಕ್ಕಳು ಟ್ರೇಸಿಂಗ್ ಹಾಳೆಯಲ್ಲಿ ಗ್ಲೋಬ್‌ನ ಗ್ರೀನ್‌ಲ್ಯಾಂಡನ್ನು ತೆಗೆದು, ಕತ್ತರಿಸಿ, ಆಫ್ರಿಕಾದ ಮೇಲೆ ಅಲ್ಲಿಲ್ಲಿ ಸರಿಸುತ್ತಾ ಕೂತರು. ಆ ತುಂಡು ಹಾಳೆ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ನೀರಿನ ಚಲನೆಗೂ ಇದರಲ್ಲಿ ಜಾಗ ಇದೆ. ಸಾಗರದ ಮೇಲೆ ಬಿಸಿ ಪ್ರವಾಹಕ್ಕೆ ಕೆಂಪು ಬಾಣ, ತಣ್ಣನೆಯದಕ್ಕೆ ನೀಲಿ ಬಾಣ ಮುದ್ರಿಸಿದ್ದಾರೆ. ತುಂಬಾ ಸಣ್ಣದು, ಆದರೆ ಇದೆಯಲ್ಲ ಅನ್ನುವುದೇ ಸಮಾಧಾನ. ಲಂಡನ್ ಇರುವುದು 51 ಡಿಗ್ರಿ ಉತ್ತರದಲ್ಲಿ. ಅದೇ ಸಾಲಿನಲ್ಲಿ ಬೆರಳನ್ನು ಪಶ್ಚಿಮಕ್ಕೆ ಎಳೆದರೆ ಕೆನಡಾದ ಲ್ಯಾಬ್ರಡಾರ್‌ನ ದಕ್ಷಿಣ ತುದಿಯ ಹತ್ತಿರ ಬರುತ್ತೀರಿ. ಅಲ್ಲಿ ಚಳಿಗಾಲದಲ್ಲಿ ಸಮುದ್ರದ ಮೇಲೆ ಮಂಜುಗಡ್ಡೆ, ಲಂಡನ್‌ನ ಥೇಮ್ಸ್‌ನಲ್ಲಿ ದೋಣಿ. ಅಟ್ಲಾಂಟಿಕ್ ದಾಟಿ ಬರುವ ಬಿಸಿ ನೀರು, ಅದರ ಮೇಲಿಂದ ಬೀಸುವ ಪಶ್ಚಿಮದ ಗಾಳಿ ಯುರೋಪನ್ನು ಬೆಚ್ಚಗಿಡುತ್ತವೆ. ಲ್ಯಾಬ್ರಡಾರ್ ಕಡೆಗೆ ಉತ್ತರದಿಂದ ತಣ್ಣನೆಯ ನೀರು ಇಳಿಯುತ್ತದೆ. ಕೆಂಪು ಬಾಣ ಒಂದು ದಡಕ್ಕೆ, ನೀಲಿ ಬಾಣ ಇನ್ನೊಂದಕ್ಕೆ. ಒಂದೇ ಅಕ್ಷಾಂಶ, ಎರಡು ಬೇರೆ ಬದುಕು.

ಇಲ್ಲಿಂದ ಮುಂದೆ ಗ್ಲೋಬ್ ಸೋಲಲು ಶುರು ಮಾಡುತ್ತದೆ. 'ಅಲ್ಲಿ ಹೇಗಿದೆ?' ಅಂದರೆ ಅದು ಮಾತಾಡುವುದಿಲ್ಲ. ಸ್ಥಾನ ಮತ್ತು ಸ್ಥಳ ಒಂದೇ ಅಲ್ಲ ಅಂತ ಮಕ್ಕಳಿಗೆ ಹೇಳುವಾಗ ನಾನು ಕೀಟೊ ಮತ್ತು ಸಿಂಗಪುರವನ್ನು ಜೊತೆಗೆ ತೆಗೆದುಕೊಳ್ಳುತ್ತೇನೆ. ಎರಡೂ ಸಮಭಾಜಕದ ಹತ್ತಿರ. ಸಿಂಗಪುರದಲ್ಲಿ ವರ್ಷವಿಡೀ ಸೆಖೆ, ಬೆವರು. ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ, ಆಂಡಿಸ್ ಬೆಟ್ಟಗಳ ನಡುವೆ ಕೂತಿದೆ. ಅಲ್ಲಿ ಬೆಳಿಗ್ಗೆ ಸಂಜೆ ಸ್ವೆಟರ್ ಬೇಕು. ಒಂದು ಹಡಗುಗಳ ಊರು, ಇನ್ನೊಂದು ಬೆಟ್ಟದ ಊರು. ಮಾತು ಬೇರೆ, ಕಟ್ಟಡ ಬೇರೆ, ಉಸಿರಾಡುವ ಗಾಳಿಯೇ ತೆಳು. ಗ್ಲೋಬ್‌ನ ಮೇಲೆ ಸಿಂಗಪುರ ಒಂದು ಕಪ್ಪು ಚುಕ್ಕೆ, ಕೀಟೊ ಪಟ್ಟಿಯ ಕೆಳಗೆ. ಇದಕ್ಕೆ ಫೋಟೊ ಬೇಕು, ಅಲ್ಲಿಗೆ ಹೋಗಿ ಬಂದವರ ಮಾತು ಬೇಕು, ಮಳೆ ಮತ್ತು ಬಿಸಿಲಿನ ಅಂಕಿ ಬೇಕು. ಗ್ಲೋಬ್ ಒಂದನ್ನೇ ನಂಬಿದರೆ ಮಕ್ಕಳಿಗೆ ಊರುಗಳೆಲ್ಲ ಚುಕ್ಕೆಗಳಾಗಿಯೇ ಉಳಿಯುತ್ತವೆ.

ಉಬ್ಬು ಬೆಟ್ಟಗಳಿರುವ ಗ್ಲೋಬ್ ತಗೊಂಡರೆ ಸ್ಥಳ ಅರ್ಥವಾಗಬಹುದು ಅಂತ ಕೆಲವರು ಹೇಳಿದರು. ಒಂದನ್ನು ಮುಟ್ಟಿ ನೋಡಿದೆ. ಬೆರಳಿಗೆ ಬೆಟ್ಟ ಸಿಗುವುದು ಚೆಂದವೇ. ಆದರೆ ಲೆಕ್ಕ ನೋಡಿ. 30 ಸೆಂ.ಮೀ. ಗ್ಲೋಬ್‌ನಲ್ಲಿ 8,849 ಮೀಟರ್ ಎತ್ತರದ ಎವರೆಸ್ಟ್ 0.2 ಮಿ.ಮೀ. ಇರಬೇಕು, ಎರಡು ಹಾಳೆಯಷ್ಟು ದಪ್ಪ. ಅಲ್ಲಿ ಹಿಮಾಲಯವನ್ನು ಕಣ್ಣಳತೆಗೆ 3 ಮಿ.ಮೀ. ಎಬ್ಬಿಸಿದ್ದರು. ಅಂದರೆ 127 ಕಿ.ಮೀ. ಎತ್ತರದ ಬೆಟ್ಟ! ಭೂಮಿ ಧ್ರುವಗಳಲ್ಲಿ ಚಪ್ಪಟೆ ಅಂತ ನಾವು ಓದುತ್ತೇವಲ್ಲ, ಅದು ಕೂಡ ಈ ಅಳತೆಯಲ್ಲಿ 1 ಮಿ.ಮೀ. ವ್ಯತ್ಯಾಸ ಅಷ್ಟೇ. ನುಣುಪಾದ ಗ್ಲೋಬೇ ಹೆಚ್ಚು ನಿಜ. ನಾನು ನುಣುಪಿನದ್ದನ್ನೇ ತಂದೆ, ಅದರ ಬಗ್ಗೆ ನನಗೆ ಒಂಚೂರೂ ಬೇಸರ ಇಲ್ಲ.

ಮನುಷ್ಯ ಮತ್ತು ಪರಿಸರದ ನಂಟು. ಪರಿಸರವನ್ನು ನೆಚ್ಚಿಕೊಳ್ಳುವುದು, ಅದಕ್ಕೆ ಹೊಂದಿಕೊಳ್ಳುವುದು, ಅದನ್ನು ಬದಲಾಯಿಸುವುದು, ಈ ಮೂರೂ ಇದರೊಳಗೆ ಬರುತ್ತವೆ. ಈ ಪ್ರಶ್ನೆಗೆ ಗ್ಲೋಬ್ ಕೊಟ್ಟ ಉತ್ತರ ತಪ್ಪಾಗಿತ್ತು. ಆದರೆ ಆ ತಪ್ಪೇ ನಮಗೆ ಒಳ್ಳೆಯ ಪಾಠ ಆಯಿತು.

ಮಧ್ಯ ಏಷ್ಯಾದಲ್ಲಿ, ಕ್ಯಾಸ್ಪಿಯನ್‌ನ ಪೂರ್ವಕ್ಕೆ ಅರಲ್ ಸಮುದ್ರ ಇದೆ. ನನ್ನ ಗ್ಲೋಬ್‌ನಲ್ಲಿ ಅದು ಉದ್ದಕ್ಕೆ 1 ಸೆಂ.ಮೀ., ಅಗಲಕ್ಕೆ ಅರ್ಧ ಸೆಂ.ಮೀ. ಇರುವ ತುಂಬಿದ ನೀಲಿ. ಅದು 1960ರ ಅರಲ್. ಆಗ ಅದರ ಹರವು ಸುಮಾರು 68,000 ಚ.ಕಿ.ಮೀ., ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅದನ್ನು ತುಂಬುತ್ತಿದ್ದದ್ದು ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳು. ಸೋವಿಯತ್ ಕಾಲದಲ್ಲಿ ಹತ್ತಿ ಬೆಳೆಯಲು ಆ ನೀರನ್ನು ಕಾಲುವೆಗಳಿಗೆ ತಿರುಗಿಸಿದರು. ಸರೋವರ ಕುಗ್ಗುತ್ತಾ ಬಂತು. 1980ರ ದಶಕದ ಕೊನೆಗೆ ಎರಡು ತುಂಡಾಯಿತು. 2014ರಲ್ಲಿ ದಕ್ಷಿಣದ ತುಂಡಿನ ಪೂರ್ವ ಭಾಗ ಪೂರ್ತಿ ಒಣಗಿತು. ಮೀನುಗಾರರ ಬಂದರಾಗಿದ್ದ ಮೊಯ್ನಾಕ್‌ನಲ್ಲಿ ಈಗ ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ನಿಂತಿವೆ. ಉತ್ತರದ ತುಂಡನ್ನು ಉಳಿಸಲು ಕಜಕಸ್ತಾನ 2005ರಲ್ಲಿ ಕೋಕ್-ಅರಲ್ ಒಡ್ಡು ಮುಗಿಸಿತು. ಅಲ್ಲಿ ನೀರು ಏರಿತು, ಉಪ್ಪು ಕಡಿಮೆಯಾಯಿತು, ಮೀನು ವಾಪಸ್ ಬಂತು.

ನನ್ನ ಗ್ಲೋಬ್‌ನಲ್ಲಿ ಇದೇನೂ ಇಲ್ಲ. ನಾನು ಮಕ್ಕಳಿಗೆ ಮೊದಲು ಏನೂ ಹೇಳದೆ ಉಪಗ್ರಹದಿಂದ ತೆಗೆದ ಫೋಟೊ ಕೊಟ್ಟೆ. ಗ್ಲೋಬ್ ಜೊತೆ ಹೋಲಿಸಿ ಅಂದೆ. ಒಬ್ಬ ಹುಡುಗ ಫೋಟೊವನ್ನು ತಲೆಕೆಳಗು ಮಾಡಿ ನೋಡಿದ, ಪಕ್ಕಕ್ಕೆ ತಿರುಗಿಸಿ ನೋಡಿದ, ಆಮೇಲೆ "ಇದು ಬೇರೆ ಯಾವುದೋ ಸಮುದ್ರ" ಅಂತ ವಾಪಸ್ ಕೊಟ್ಟ. ಅಲ್ಲ, ಅದೇ ಅಂದಾಗ ಅವನ ಮುಖ ನೋಡಬೇಕಿತ್ತು. ಆಮೇಲೆ ನಾವು ಚೂಪು ಪೆನ್ಸಿಲ್‌ನಿಂದ ಆ ಕಡಲೆಕಾಳಿನಷ್ಟು ನೀಲಿಯೊಳಗೆ ಈಗಿನ ದಡವನ್ನು ಬರೆದೆವು. ಉತ್ತರದಲ್ಲೊಂದು ಚುಕ್ಕೆ, ಪಶ್ಚಿಮದಲ್ಲೊಂದು ಸಣ್ಣ ಗೀರು. ಉಳಿದ ನೀಲಿಯ ಮೇಲೆ ಹಳದಿ ಬಣ್ಣದ ಪೆನ್ಸಿಲ್ ತಿಕ್ಕಿದೆವು. ಗ್ಲೋಬ್‌ನ ಮೇಲೆ ಬರೆಯಬಾರದು ಅಂತ ನಾನೇ 18 ವರ್ಷ ಹೇಳಿದ್ದೆ. ಈಗ ಆ ನಿಯಮ ತೆಗೆದಿದ್ದೇನೆ.

ನೆದರ್ಲೆಂಡ್ಸ್ ಇದಕ್ಕೆ ತದ್ವಿರುದ್ಧದ ಉದಾಹರಣೆ, ಅಲ್ಲಿ ಸಮುದ್ರವನ್ನು ನೆಲ ಮಾಡಿಕೊಂಡರು. 1932ರಲ್ಲಿ ಮುಗಿದ ಅಫ್ಸ್ಲೈಟ್‌ಡೈಕ್ ಒಡ್ಡಿನ ಉದ್ದ 32 ಕಿ.ಮೀ. ಗ್ಲೋಬ್‌ನಲ್ಲಿ 1 ಮಿ.ಮೀ. ಕೂಡ ಆಗುವುದಿಲ್ಲ, ಕಾಣುವುದಿಲ್ಲ. ಇದಕ್ಕೆ ಅಟ್ಲಾಸೇ ಸರಿ.

ಕೊನೆಯದು ಪ್ರದೇಶ. ಇದನ್ನು ಕಲಿಸುವುದು ಶಾಲೆಯಲ್ಲಿ ನನಗೆ ಯಾವಾಗಲೂ ಕಷ್ಟವಾಗುತ್ತಿತ್ತು. ಪ್ರದೇಶ ಅಂದರೆ ಮಕ್ಕಳಿಗೆ ದೇಶ, ರಾಜ್ಯ ಅಷ್ಟೇ. ಯಾವುದೋ ಒಂದು ಗುಣದಿಂದ ಒಂದಾಗಿ ಕಾಣುವ ಜಾಗ ಅನ್ನುವುದು ತಲೆಗೆ ಹೋಗುವುದಿಲ್ಲ. ಈ ಗ್ಲೋಬ್‌ನ ದೀಪ ಆ ಕೆಲಸವನ್ನು ಒಂದು ಕ್ಷಣದಲ್ಲಿ ಮಾಡಿತು.

ದೀಪ ಆರಿದ್ದಾಗ ದೇಶಗಳ ಬಣ್ಣ ಕಾಣುತ್ತದೆ. ಅಲ್ಜೀರಿಯಾ ಒಂದು ಬಣ್ಣ, ಲಿಬಿಯಾ ಇನ್ನೊಂದು, ನೈಜರ್ ಮತ್ತೊಂದು. ಒಂದು ಸಂಜೆ ಕೋಣೆಯ ದೀಪ ಆರಿಸಿ ಗ್ಲೋಬ್‌ನ ಸ್ವಿಚ್ ಒತ್ತಿದೆ. ಒಳಗಿನ ಪದರದ ಚಿತ್ರ ಬೆಳಕಿಗೆ ಎದ್ದು ಬಂತು. ದೇಶಗಳ ಬಣ್ಣ ಕರಗಿ, ಅಟ್ಲಾಂಟಿಕ್‌ನಿಂದ ಕೆಂಪು ಸಮುದ್ರದವರೆಗೆ ಒಂದೇ ಹಳದಿ ಹರಡಿತು. ಸಹಾರಾ. ಸುಮಾರು 90 ಲಕ್ಷ ಚ.ಕಿ.ಮೀ., ಹತ್ತಕ್ಕೂ ಹೆಚ್ಚು ದೇಶಗಳ ಮೇಲೆ ಹಾಸಿಕೊಂಡಿರುವ ಮರುಭೂಮಿ. ಸ್ವಿಚ್ ಆರಿಸಿದೆ, ದೇಶಗಳು ಬಂದವು. ಹಾಕಿದೆ, ಸಹಾರಾ ಬಂತು. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಒತ್ತುತ್ತಲೇ ಇದ್ದರು. ಭೂಮಿ ಒಂದೇ, ಹಂಚುವ ಗೆರೆ ನಾವು ಏನನ್ನು ಕೇಳುತ್ತೇವೋ ಅದರ ಮೇಲೆ ಅಂತ ಆ ಕತ್ತಲಲ್ಲಿ ಹೇಳಿದೆ. ಅರ್ಥವಾಯಿತು ಅನ್ನಿಸಿತು, ಯಾಕಂದ್ರೆ ಮರುದಿನ ಒಬ್ಬಳು "ಹಾಗಾದರೆ ಒಂದೇ ಜಾಗ ಎರಡು ಪ್ರದೇಶದಲ್ಲಿ ಇರಬಹುದಾ?" ಅಂತ ಕೇಳಿದಳು. ಇರಬಹುದು. ಹತ್ತು ಪ್ರದೇಶದಲ್ಲೂ ಇರಬಹುದು.

ಜನರ ಮನಸ್ಸಿನಲ್ಲಿ ಮಾತ್ರ ಗಡಿ ಇರುವ ಪ್ರದೇಶಗಳನ್ನು ದೀಪ ತೋರಿಸುವುದಿಲ್ಲ. 'ಮಧ್ಯಪ್ರಾಚ್ಯ' ಅನ್ನುವ ಹೆಸರು ಯುರೋಪಿನಿಂದ ನೋಡಿ ಇಟ್ಟದ್ದು. ಏಷ್ಯಾದವರು ಅದನ್ನೇ ಪಶ್ಚಿಮ ಏಷ್ಯಾ ಅನ್ನುತ್ತಾರೆ. ಅದರಲ್ಲಿ ಯಾವ ದೇಶ ಸೇರುತ್ತೆ, ಯಾವುದು ಇಲ್ಲ ಅಂತ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. ಒಂದು ಬಂದರಿನ ಸುತ್ತ, ಒಂದು ವಿಮಾನ ನಿಲ್ದಾಣದ ಸುತ್ತ ಓಡಾಟದಿಂದ ಹುಟ್ಟುವ ಪ್ರದೇಶವೂ ಇದೆ. ಅವಕ್ಕೆ ಮಾತು ಬೇಕು, ಹಾಳೆ ಬೇಕು.

ಈಗ ವಸ್ತುವಿನ ಗಟ್ಟಿತನದ ಬಗ್ಗೆ. ಓರೆ ಸರಿಯಾಗಿದೆ. ಕೋನಮಾಪಕ ಹಿಡಿದು ನೋಡಿದೆ, 23.5 ಡಿಗ್ರಿಗೆ ತೀರಾ ಹತ್ತಿರ. ಟಾರ್ಚ್ ಬಿಟ್ಟು ಋತುಗಳನ್ನು ತೋರಿಸಲು ಇದು ಮುಖ್ಯ. ಬಳೆ ಪ್ಲಾಸ್ಟಿಕ್ ಆದರೂ ಬಾಗಿಲ್ಲ. ಕಾಲು ಹಗುರ, ಮಕ್ಕಳು ಜೋರಾಗಿ ತಿರುಗಿಸಿದರೆ ಇಡೀ ಗ್ಲೋಬ್ ಜಾರುತ್ತದೆ. ಕೆಳಗೆ ರಬ್ಬರ್ ತುಂಡು ಅಂಟಿಸಿದ ಮೇಲೆ ಸರಿಹೋಯಿತು. ದಕ್ಷಿಣ ಧ್ರುವದಲ್ಲಿ ಹಾಕಿದ ಬಿಲ್ಲೆ 3 ಸೆಂ.ಮೀ. ಅಗಲ. ಧ್ರುವದ ಸುತ್ತ 600 ಕಿ.ಮೀ.ಗೂ ಜಾಸ್ತಿ ಜಾಗ ಅದರ ಕೆಳಗೆ ಮಾಯ. ಅಮುಂಡ್ಸನ್-ಸ್ಕಾಟ್ ಸಂಶೋಧನಾ ಕೇಂದ್ರವನ್ನು ಹುಡುಕಿದ ಮಗುವಿಗೆ ಸಿಕ್ಕಿದ್ದು ಒಂದು ಸ್ಕ್ರೂ.

ಹೆಸರುಗಳಲ್ಲಿ ಅಜಾಗ್ರತೆ ಇದೆ. ಕಜಕಸ್ತಾನದ ರಾಜಧಾನಿ ನೂರ್-ಸುಲ್ತಾನ್ ಅಂತಿದೆ. ಆ ಹೆಸರು ಇದ್ದದ್ದು 2019ರಿಂದ 2022ರವರೆಗೆ ಮಾತ್ರ, ಈಗ ಮತ್ತೆ ಅಸ್ತಾನಾ. ಅದು ಮುದ್ರಿಸಿದ ವರ್ಷದ ಗುರುತು, ಒಪ್ಪಿಕೊಳ್ಳೋಣ. ಆದರೆ ಅದೇ ಗ್ಲೋಬ್‌ನಲ್ಲಿ ಸ್ವಾಜಿಲ್ಯಾಂಡ್ ಅಂತಲೂ ಇದೆ. ಆ ದೇಶ 2018ರಲ್ಲೇ ಎಸ್ವಾಟಿನಿ ಆಯಿತು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟಿದ್ದಾರೆ. ಹಳೆಯ ಗ್ಲೋಬ್ ಅಂದರೆ ನನಗೇನೂ ಅಸಡ್ಡೆ ಇಲ್ಲ. ಉಳಿದಿರುವ ಅತಿ ಹಳೆಯ ಭೂಗೋಳವನ್ನು ಮಾರ್ಟಿನ್ ಬೆಹೈಮ್ 1492ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಮಾಡಿಸಿದ. ಅದರಲ್ಲಿ ಅಮೆರಿಕ ಖಂಡಗಳೇ ಇಲ್ಲ, ಆದರೂ ಅದು ಪ್ರಾಮಾಣಿಕ ಗ್ಲೋಬ್, ಆಗ ಅಲ್ಲಿಯವರಿಗೆ ಗೊತ್ತಿದ್ದಷ್ಟನ್ನು ತೋರಿಸಿತು. ಗೊತ್ತಿದ್ದೂ ತಿದ್ದದೇ ಇರುವುದು ಬೇರೆ ಮಾತು.

ಇಷ್ಟೆಲ್ಲ ದೂರಿದ್ದರೂ, ತಗೊಳ್ಳಬೇಕಾ ಅಂತ ಕೇಳಿದರೆ ಖಂಡಿತ ತಗೊಳ್ಳಿ ಅನ್ನುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಸ್ಥಾನ ಮತ್ತು ಚಲನೆ ಕಲಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಪ್ರದೇಶಕ್ಕಾಗಿ ದೀಪ ಇರುವುದನ್ನೇ ಆರಿಸಿ. ಸ್ಥಳಕ್ಕೂ ಪರಿಸರದ ನಂಟಿಗೂ ಪಕ್ಕದಲ್ಲಿ ಒಂದು ಅಟ್ಲಾಸ್, ಒಂದಷ್ಟು ಫೋಟೊ ಇರಲಿ. 20 ಸೆಂ.ಮೀ.ಗಿಂತ ಚಿಕ್ಕದು ಬೇಡ, ಅಕ್ಷರ ಓದಲಾಗುವುದಿಲ್ಲ, ದಾರದ ಅಳತೆಯೂ ತಪ್ಪುತ್ತದೆ.

ತರುವ ಮೊದಲು ಡಬ್ಬ ಬಿಚ್ಚಿಸಿ ನೋಡಿ. ಕೀಟೊದ ಚುಕ್ಕೆ ಕಾಣುತ್ತಾ? ಕಜಕಸ್ತಾನದ ರಾಜಧಾನಿಗೆ ಯಾವ ಹೆಸರಿದೆ? ಅರಲ್ ತುಂಬಿದೆಯಾ, ಒಣಗಿದೆಯಾ? ತುಂಬಿದ್ದರೂ ಚಿಂತೆ ಇಲ್ಲ, ಪೆನ್ಸಿಲ್ ಇದ್ದರೆ ಸಾಕು. ದಾರ ಮಾತ್ರ ಡಬ್ಬದಲ್ಲಿ ಬರುವುದಿಲ್ಲ. ಹಿಗ್ಗದ ಹೊಲಿಗೆ ದಾರ 1 ಮೀಟರ್ ಕತ್ತರಿಸಿ ಇಟ್ಟುಕೊಳ್ಳಿ. 30 ಸೆಂ.ಮೀ. ಗ್ಲೋಬ್ ಆದರೆ ಅದು ಭೂಮಿಯನ್ನು ಒಂದು ಸುತ್ತು ಸುತ್ತಿ, ಗಂಟು ಹಾಕುವಷ್ಟು ಉಳಿಯುತ್ತದೆ.